ತೊಟ್ಟಿಲೂ ಖಾತೆಪುಸ್ತಕವೂ

ದಾನಗಳಲ್ಲಿ ಅನ್ನದಾನ ದೊಡ್ಡದೆಂದೂ ವಿದ್ಯಾದಾನ ಅದಕ್ಕೂ ದೊಡ್ಡದೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಗೋದಾನ, ಭೂದಾನ, ಸುವರ್ಣದಾನಗಳ ಮಹಿಮೆಯನ್ನು ಪುರಾಣಗಳು ಬಾಯ್ತುಂಬ ಹೊಗಳಿವೆ. ಆದರೆ ಖಾತೆಪುಸ್ತಕದ ದಾನವೆಂಬುದೊಂದು ಉಂಟೆಂದು ಯಾವ ಧರ್ಮಶಾಸ್ತ್ರವೂ ಹೇಳಿದಂತಿಲ್ಲ. ಬೀರುವಿಗೆ ಎರಡನೆಯದೊಂದು ಬೀಗದ ಕೈ ಮಾಡಿಸಿಕೊಟ್ಟವನಿಗೆ ಪರಲೋಕದಲ್ಲಿ ಯಾವ ಸ್ಥಾನ ದೊರೆಯುವುದೆಂಬುದನ್ನೂ ಯಾರೂ ಬರೆದಿಟ್ಟಿಲ್ಲ. ಶಾಸ್ತ್ರಕಾರರ ಈ ಮರೆವು ಸಣ್ಣದೆಂದು ತೋರಬಹುದು. ಎಳೆಯ ಮಕ್ಕಳ ಸಂಸ್ಥೆಯೊಂದನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಅದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದು ಗೊತ್ತು.

ಹಳೆಯ ಮೈಸೂರು ಸೀಮೆಯ ರೇಷ್ಮೆಯ ಊರೊಂದರಲ್ಲಿ, ರಾಮಮಂದಿರದ ಹಿಂದಿನ ಬೀದಿಯಲ್ಲಿ, ಒಂದು ಶಿಶುವಿಹಾರವಿದೆ. ಊರಿನ ಹೆಸರು ಬೇಡ. ಶಿಶುವಿಹಾರದ ಹೆಸರೂ ಬೇಡ. ಇಂಥವು ನಾಡಿನಲ್ಲಿ ಹತ್ತಾರು ಇರುವುದರಿಂದ ಒಂದರ ಹೆಸರು ಹೇಳಿದರೆ ಉಳಿದವುಗಳಿಗೆ ಅನ್ಯಾಯವಾದೀತು. 1983ರಲ್ಲಿ ಮಂದಿರದ ಜಗಲಿಯ ಮೇಲೆ ಹನ್ನೊಂದು ಮಕ್ಕಳೊಡನೆ ಅದು ಆರಂಭವಾಯಿತು. ಆರಂಭಿಸಿದ ಮಹಿಳೆಯನ್ನು ಊರು ಅಂದಿನಿಂದ ಇಂದಿನವರೆಗೆ ಟೀಚರಮ್ಮನೆಂದೇ ಕರೆಯುತ್ತಿದೆ. ಆಕೆಯ ಸ್ವಂತ ಹೆಸರು ಪಡಿತರ ಚೀಟಿಯಲ್ಲಲ್ಲದೆ ಬೇರೆಲ್ಲಿಯೂ ಉಳಿದಿಲ್ಲ.

ಆ ಊರಿನಲ್ಲಿ ಶಿಶುವಿಹಾರವೆಂಬುದು ಸಿರಿವಂತರ ಶೋಕಿಯಲ್ಲ. ಮನೆಮನೆಯಲ್ಲಿ ನೂಲು ಬಿಚ್ಚಾಣಿಕೆಯ ಕೆಲಸ. ರೇಷ್ಮೆಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ ಹಿಡಿದು, ರಾಟೆಗೆ ಸುತ್ತುವ ಹೆಂಗಸರ ಕೈಬೆರಳುಗಳು ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿಯೇ ಇರುತ್ತವೆ. ತಾಯಿ ಬೇಸಿನ್ನಿನ ಮುಂದೆ ಕುಳಿತರೆ ಮಗು ಎಲ್ಲಿರಬೇಕು? ಅವಳ ಮಗ್ಗುಲಲ್ಲಿ, ಆ ಹೊಗೆಯಲ್ಲಿ, ಆ ಬೆಂದ ಹುಳುವಿನ ವಾಸನೆಯಲ್ಲಿ, ಆ ಕುದಿನೀರಿನಿಂದ ಒಂದು ಗೇಣು ದೂರದಲ್ಲಿ ಇರಬೇಕು. ಸರ್ಕಾರದ ಅಂಗನವಾಡಿಗಳು ಮಾಡಿರುವ ಉಪಕಾರ ದೊಡ್ಡದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಮೊದಲಾದಾಗ ಕರ್ನಾಟಕದ ಪ್ರಥಮ ಯೋಜನೆ ತಿರುಮಕೂಡಲು ನರಸೀಪುರದಲ್ಲಿಯೇ ನಡೆಯಿತು. ಆದರೆ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಬಿಚ್ಚಾಣಿಕೆಯ ಒಲೆ ಹೊತ್ತಿರುತ್ತದೆ. ಅದು ಮುಚ್ಚಿದ ಮೇಲೂ ಒಲೆ ಆರಿರುವುದಿಲ್ಲ. ಮೂರು ವರ್ಷ ತುಂಬದ ಕೂಸುಗಳನ್ನು ದಿನವಿಡೀ ಇಟ್ಟುಕೊಳ್ಳುವವರೂ ವಿರಳ. ಆ ಬಿರುಕಿನಲ್ಲಿ ಟೀಚರಮ್ಮ ತಮ್ಮ ಶಿಶುವಿಹಾರವನ್ನು ಕಟ್ಟಿದರು. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ ಸಂಜೆ ಆರಕ್ಕೆ ಮುಚ್ಚುವುದು. ಮೂವತ್ತು ವರ್ಷಗಳಲ್ಲಿ ಹನ್ನೊಂದು ಮಕ್ಕಳು ಅರವತ್ತಾದರು; ಮೂವರು ಉಪಾಧ್ಯಾಯಿನಿಯರೂ ಒಬ್ಬ ಆಯಾಳೂ ಸೇರಿದರು.

ಊರಿನ ಜನ ಕೃಪಣರೆಂದು ಹೇಳುವಂತಿಲ್ಲ. ಅಕ್ಕಿಗಿರಣಿಯ ಯಜಮಾನರು ತಮ್ಮ ತೀರ್ಥರೂಪರ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆಸಿ ಒಂದು ಉಯ್ಯಾಲೆಯನ್ನು ಕೊಟ್ಟರು. ಒಂದು ಸಂಘದವರು ಇಪ್ಪತ್ತನಾಲ್ಕು ಕುರ್ಚಿಗಳನ್ನು ಕೊಟ್ಟರು. ಅವು ದೊಡ್ಡವರ ಕುರ್ಚಿಗಳಾದುದರಿಂದ ಮಕ್ಕಳು ಅವುಗಳ ಕೆಳಗೆ ಮನೆಯಾಟವಾಡಿದರು. ಅಕ್ಷರ ತಿದ್ದದ ಕೂಸುಗಳಿಗೆ ಮತ್ತೊಬ್ಬರು ಇನ್ನೂರು ಪುಟದ ನೋಟ್‌ಪುಸ್ತಕಗಳನ್ನು ಹಂಚಿ ಭಾವಚಿತ್ರ ತೆಗೆಸಿಕೊಂಡರು. ನೀರು ಸೋಸುವ ಯಂತ್ರ ಬಂದಿತು. ಅದರ ಒಳಗಿನ ಬತ್ತಿಯನ್ನು ಆರು ತಿಂಗಳಿಗೊಮ್ಮೆ ಬದಲಾಯಿಸುವ ಖರ್ಚು ಯಾರದೆಂಬುದು ಅದರೊಡನೆ ಬರಲಿಲ್ಲ. ಕಂಪ್ಯೂಟರೊಂದು ಬಂದು, ಕಸೂತಿಯ ಬಟ್ಟೆ ಹೊದ್ದುಕೊಂಡು, ಮದುವೆಗೆ ಕಾದ ಹೆಣ್ಣಿನಂತೆ ಮೂಲೆಯಲ್ಲಿ ಕುಳಿತಿತು. ಹುಟ್ಟುಹಬ್ಬದ ದಾನಿಗಳಿಂದಾಗಿ ಕೆಲವು ವಾರ ಮಕ್ಕಳಿಗೆ ಮೂರು ದಿನ ಲಾಡು. ಕೆಲವು ತಿಂಗಳು ಹಾಲಿಗೇ ತತ್ವಾರ.

ಕೊಟ್ಟವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಎಲ್ಲರೂ ಕೊಟ್ಟುದು ಕಣ್ಣಿಗೆ ಕಾಣುವ ವಸ್ತುವನ್ನು. ಕಣ್ಣಿಗೆ ಕಾಣದುದನ್ನು ಕೊಡಲು ಯಾರೂ ಬರಲಿಲ್ಲ. ಉಪಾಧ್ಯಾಯಿನಿಯರ ಸಂಬಳ ಕಾಣುವುದಿಲ್ಲ. ಆಯಾ ಮಕ್ಕಳ ಚಡ್ಡಿ ಒಗೆಯುವುದು ಕಾಣುವುದಿಲ್ಲ. ವಿದ್ಯುತ್ತಿನ ಬಿಲ್ಲು ಕಟ್ಟದಿದ್ದ ದಿನ ಮಾತ್ರ ಕಾಣುತ್ತದೆ. ಆದುದರಿಂದ ಸಂಬಳಕ್ಕೆ ಹಣ ಸಾಲದೆ ಬಂದ ಒಂದು ಬೇಸಿಗೆಯಲ್ಲಿ ಟೀಚರಮ್ಮ ತಮ್ಮ ಎರಡೆಳೆ ಸರವನ್ನು ಗಿರವಿಯಿಟ್ಟು ನಾಲ್ವರಿಗೂ ಮೂರು ತಿಂಗಳ ಸಂಬಳ ಕೊಟ್ಟರು. ಸರವೆಲ್ಲಿ ಎಂದು ಕೇಳಿದವರಿಗೆ, ಸೆಕೆಗೆ ಕತ್ತು ಉರಿಯುತ್ತದೆಂದು ಹೇಳಿದರು. ಆ ಸೆಕೆ ಎರಡು ಮಳೆಗಾಲಗಳಾದರೂ ಹೋಗಲಿಲ್ಲ.

2015ರಲ್ಲಿ ಒಂದು ಸದವಕಾಶ ಒದಗಿತು. ದೊಡ್ಡ ಲಾಭದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು 2013ರ ಕಂಪೆನಿ ಕಾಯಿದೆ ವಿಧಿಸಿತ್ತು. ಬೆಂಗಳೂರಿನ ಕಂಪೆನಿಯೊಂದರಿಂದ ಇಬ್ಬರು ತರುಣರು ಬಂದು, ಮಕ್ಕಳ ಹಾಡು ಕೇಳಿ, ಆಯಾಳ ಕೈಯ ಉಪ್ಪಿಟ್ಟು ತಿಂದು, ಕಟ್ಟಡಕ್ಕೆ ನೆರವು ಕೊಡಿಸುವ ಮಾತಾಡಿದರು. ಹೊರಡುವಾಗ ಮೂರು ವರ್ಷಗಳ ಲೆಕ್ಕಪರಿಶೋಧನೆಯ ವರದಿಯನ್ನೂ ಸಂಘದ ನೋಂದಣಿಯ ಪತ್ರವನ್ನೂ ಕೇಳಿದರು. ನೋಂದಣಿಯ ಪತ್ರ ಇತ್ತು. ಅದರ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಆದರೆ ವರ್ಷವರ್ಷವೂ ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನೂ ಜಮಾಖರ್ಚಿನ ತಃಖ್ತೆಯನ್ನೂ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕೆಂಬ ವಿಧಿಯನ್ನು ಆರು ವರ್ಷಗಳಿಂದ ಯಾರೂ ನೆನೆದಿರಲಿಲ್ಲ. ಜಮಾಖರ್ಚೆಲ್ಲವೂ ಎರಡು ಸ್ಥಳಗಳಲ್ಲಿತ್ತು: ಹಣ ಬಿಸ್ಕತ್ತಿನ ಡಬ್ಬಿಯಲ್ಲಿ, ಲೆಕ್ಕ ಟೀಚರಮ್ಮನ ತಲೆಯಲ್ಲಿ. ತರುಣರು ನಮಸ್ಕಾರ ಮಾಡಿ ಹೋದರು. ಆ ಹಣ ಬೇರೊಂದು ಊರಿಗೆ ಸಂದಿತು.

ಮರುವರ್ಷದ ಆಷಾಢದಲ್ಲಿ ಟೀಚರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅವರನ್ನು ಮೈಸೂರಿನ ಆಸ್ಪತ್ರೆಗೆ ಸಾಗಿಸಿದರು. ಬೀರುವಿನ ಕೈ ಅವರ ಸೆರಗಿನ ಗಂಟಿನಲ್ಲಿಯೇ ಹೋಯಿತು. ಹಾಲಿನವನಿಗೆ ಎಷ್ಟು ಬಾಕಿ, ಅಕ್ಕಿ ಯಾವ ಅಂಗಡಿಯಿಂದ, ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾರ ತಂದೆಗೆ ಮಗುವನ್ನು ಒಪ್ಪಿಸಬಾರದೆಂದು ತಾಯಿ ಹೇಳಿದ್ದಾಳೆ, ಇದೊಂದೂ ಬೇರೆಯವರಿಗೆ ತಿಳಿಯದು. ಉಪಾಧ್ಯಾಯಿನಿಯರು ಮೂರು ದಿನ ಹೇಗೋ ನಡೆಸಿ, ನಾಲ್ಕನೆಯ ದಿನ ಬಾಗಿಲು ಹಾಕಿದರು. ಶಿಶುವಿಹಾರ ಹನ್ನೊಂದು ದಿನ ಮುಚ್ಚಿತ್ತು. ಒಂಬತ್ತನೆಯ ದಿನ, ಬಿಚ್ಚಾಣಿಕೆಯ ಮನೆಯೊಂದರಲ್ಲಿ, ಮೂರು ವರ್ಷದ ಹೆಣ್ಣುಮಗುವೊಂದು ತೇಲುತ್ತಿದ್ದ ಬಿಳಿಯ ಗೂಡನ್ನು ಹಿಡಿಯಹೋಗಿ ಮೊಣಕೈಯವರೆಗೆ ಬೇಸಿನ್ನಿನೊಳಗೆ ಕೈ ಅದ್ದಿತು.

ಮಗು ಬದುಕಿತು. ಬಲಗೈಯ ಎರಡು ಬೆರಳುಗಳು ಮಾತ್ರ ಮತ್ತೆ ನೆಟ್ಟಗೆ ಬಿಡಿಸಿಕೊಳ್ಳಲಿಲ್ಲ.

ಆ ಸುದ್ದಿಯನ್ನು ಟೀಚರಮ್ಮನಿಗೆ ಯಾರೂ ಹೇಳಬಾರದೆಂದು ಊರು ತೀರ್ಮಾನಿಸಿದುದರಿಂದ ಅದು ಅವರಿಗೆ ಎರಡೇ ದಿನದಲ್ಲಿ ತಿಳಿಯಿತು. ಆಸ್ಪತ್ರೆಯಿಂದ ಹಿಂದಿರುಗಿ ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಒಂದು ಸಂಜೆ ಖಜಾನೆಯ ರಾಯರು ಬಂದರು. ಇವರು ತಾಲ್ಲೂಕು ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು; ಮೊಮ್ಮಗ ಶಿಶುವಿಹಾರದಲ್ಲಿದ್ದ. ಮಾತು ಕಡಿಮೆ, ಕೋಪ ಬೇಗ, ಕೈಬರಹ ಮುತ್ತಿನಂತೆ. ಕೈಯಲ್ಲಿ ಮೂಸಂಬಿಯ ಚೀಲವಿತ್ತು. ಸೌಖ್ಯ ವಿಚಾರಿಸುವುದನ್ನು ಒಂದು ವಾಕ್ಯದಲ್ಲಿ ಮುಗಿಸಿ ಅವರು ಕೇಳಿದರು:

“ಟೀಚರಮ್ಮನವರೇ, ನೀವು ಇಲ್ಲದಾಗ ಅಲ್ಲಿ ಏನೇನು ನಡೆಯಬೇಕೆಂದು ಎಲ್ಲಿಯಾದರೂ ಬರೆದಿಟ್ಟಿದ್ದೀರಾ?”

“ನಾನು ಇಲ್ಲದೆ ಎಲ್ಲಿಗೆ ಹೋಗುತ್ತೇನೆ, ರಾಯರೇ? ಮೂವತ್ತಮೂರು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ.”

“ಅದೇ ತಪ್ಪಾದುದು,” ಎಂದರು ರಾಯರು.

ಟೀಚರಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಗೋಡೆಯ ಮೇಲೆ ಗಿಜುಭಾಯಿ ಬಧೇಕರ ಚಿತ್ರವೊಂದು ತೂಗುತ್ತಿತ್ತು. ತರಬೇತಿಯ ದಿನಗಳಿಂದ ಅವರೇ ಟೀಚರಮ್ಮನ ಗುರು. ವಕೀಲಿ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದ ಆ ಮಹನೀಯರನ್ನು ಗುಜರಾತಿನ ಜನ ‘ಮೀಸೆಯ ತಾಯಿ’ ಎಂದು ಕರೆದರು. 1939ರಲ್ಲಿ, ಇನ್ನೂ ಐವತ್ತನಾಲ್ಕು ತುಂಬುವ ಮೊದಲೇ, ಅವರು ತೀರಿಕೊಂಡರು. ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಏಕೆಂದರೆ ಅವರು ಬಾಲಮಂದಿರವನ್ನು ಮಾತ್ರ ಕಟ್ಟಿರಲಿಲ್ಲ. ಶಿಕ್ಷಕರನ್ನು ತರಬೇತುಗೊಳಿಸುವ ಅಧ್ಯಾಪನ ಮಂದಿರವನ್ನು ಕಟ್ಟಿದ್ದರು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಹುಟ್ಟಿತ್ತು. ನೂರಾರು ಪುಸ್ತಿಕೆಗಳು ಅಚ್ಚಾಗಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ, ರಾಜಕೋಟೆಯ ತರಬೇತಿ ಕಾಲೇಜಿನ ಮುಖ್ಯಸ್ಥೆಯ ಹುದ್ದೆಯನ್ನು ಬಿಟ್ಟು ಬಂದ ತಾರಾಬಾಯಿ ಮೋಡಕರು ಜೊತೆಗಿದ್ದರು. ತಾರಾಬಾಯಿ 1945ರಲ್ಲಿ ಬೋರ್ಡಿಯ ಹಳ್ಳಿಗೆ ಹೋಗಿ ಬಾಲವಾಡಿ ತೆರೆದಾಗ ಅನುತಾಯಿ ವಾಘರು ಬಂದು ಸೇರಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಮನೆಯ ಅಂಗಳಕ್ಕೆ ಹೋಗಬೇಕೆಂಬ ಅಂಗನವಾಡಿಯ ಕಲ್ಪನೆ ಬೆಳೆದುದು ಇವರಿಬ್ಬರ ಕೈಯಲ್ಲಿ. 1973ರಲ್ಲಿ ತಾರಾಬಾಯಿ ಕಾಲವಾದ ಬಳಿಕ ಅನುತಾಯಿ 1992ರಲ್ಲಿ ತಾವು ತೀರಿಕೊಳ್ಳುವವರೆಗೆ ಆ ಭಾರವನ್ನು ಹೊತ್ತರು. ಒಂದು ಹೆಗಲು ದಣಿದಾಗ ಮತ್ತೊಂದು ಹೆಗಲು ಸಿದ್ಧವಾಗಿತ್ತು.

ಆ ಚಿತ್ರವನ್ನು ಟೀಚರಮ್ಮ ಪ್ರತಿದಿನ ನೋಡಿದ್ದರು. ತಮ್ಮ ಗುರು ಮಕ್ಕಳನ್ನು ಪ್ರೀತಿಸಿದ್ದನ್ನು ಅವರು ಅಲ್ಲಿ ಕಂಡಿದ್ದರು. ತಾವಿಲ್ಲದ ದಿನಕ್ಕೆ ಸಿದ್ಧತೆ ಮಾಡಿದ್ದನ್ನು ಅಂದು ಮೊದಲ ಬಾರಿಗೆ ಕಂಡರು. ಬಹಳ ಹೊತ್ತಿನ ಮೇಲೆ ದಿಂಬಿನ ಕೆಳಗಿನಿಂದ ಬೀಗದ ಕೈಗೊಂಚಲನ್ನು ತೆಗೆದು ರಾಯರ ಮುಂದಿಟ್ಟರು. ರಾಯರು ಅದನ್ನು ಮುಟ್ಟಲಿಲ್ಲ. “ಇದು ನನಗೆ ಬೇಡ. ನನ್ನ ಕೈಗೆ ಬಂದರೆ ನಿಮ್ಮ ಜಾಗದಲ್ಲಿ ನಾನು ಬಿದ್ದಂತೆ, ಅಷ್ಟೆ. ಇದರ ಎರಡನೆಯ ಪ್ರತಿ ಮಾಡಿಸೋಣ,” ಎಂದರು.

ಅಂದು ಆರಂಭವಾದ ಸೇವೆಗೆ ಊರಿನಲ್ಲಿ ಯಾರೂ ಹಾರ ಹಾಕಲಿಲ್ಲ. ಹಾಕುವಂಥದು ಅದರಲ್ಲಿ ಏನಿತ್ತು? ರಾಯರು ಮೊದಲ ತಿಂಗಳು ಮಾಡಿದುದು ಐದು ಪುಸ್ತಕಗಳಿಗೆ ರಟ್ಟು ಹಾಕಿದ ಕೆಲಸ. ಒಂದು ನಗದು ಪುಸ್ತಕ. ಒಂದು ದಾಸ್ತಾನು ಪುಸ್ತಕ. ಒಂದು ನಡವಳಿ ಪುಸ್ತಕ. ಇಬ್ಬಡಿ ಪ್ರತಿಯ ರಸೀತಿ ಪುಸ್ತಕ. ಐದನೆಯದು ಮಕ್ಕಳ ಪುಸ್ತಕ. ಈ ಐದನೆಯದರಲ್ಲಿ ಪ್ರತಿ ಮಗುವಿಗೂ ಒಂದು ಪುಟ: ತೂಕ, ಎತ್ತರ, ಹಾಕಿಸಿದ ಲಸಿಕೆ, ಆಗದ ಆಹಾರ, ಕರೆದೊಯ್ಯಬಹುದಾದವರ ಹೆಸರು. ಟೀಚರಮ್ಮ ಹಾಸಿಗೆಯ ಮೇಲಿಂದ ಹೇಳಿದರು, ಉಪಾಧ್ಯಾಯಿನಿಯರು ಬರೆದುಕೊಂಡರು. ಮೂವತ್ತಮೂರು ವರ್ಷ ಒಬ್ಬರ ತಲೆಯಲ್ಲಿದ್ದುದು ಇಪ್ಪತ್ತು ದಿನಗಳಲ್ಲಿ ಕಾಗದಕ್ಕೆ ಇಳಿಯಿತು. ಬಿಸ್ಕತ್ತಿನ ಡಬ್ಬಿ ಬ್ಯಾಂಕಿನ ಖಾತೆಯಾಯಿತು. ಇಬ್ಬರ ರುಜುವಿಲ್ಲದೆ ಹಣ ತೆಗೆಯುವಂತಿಲ್ಲವೆಂಬ ನಿಯಮವಾಯಿತು. ಹೆಸರಿಗೆ ಮಾತ್ರ ಇದ್ದ ಆಡಳಿತ ಮಂಡಳಿಯಲ್ಲಿ ಇಬ್ಬರು ಕಾಲವಾಗಿ ವರ್ಷಗಳಾಗಿದ್ದುವು. ಅವರ ಜಾಗಕ್ಕೆ ಬಿಚ್ಚಾಣಿಕೆಯ ಇಬ್ಬರು ತಾಯಂದಿರು ಬಂದರು.

ಸ್ವಯಂಸೇವಕರು ಮೊದಲೂ ಬರುತ್ತಿದ್ದರು. ಭಾನುವಾರ ಬಂದು ಗೋಡೆಗೆ ಆನೆ, ಜಿರಾಫೆ ಬಳಿದು, ಮಕ್ಕಳಿಗೆ ಮಿಠಾಯಿ ಹಂಚಿ, ಸಂಜೆಯ ಬಸ್ಸಿಗೆ ಹೊರಡುವುದು ರೂಢಿಯಾಗಿತ್ತು. ಆ ಗೋಡೆಯ ಮೇಲೆ ಒಂದರ ಮೇಲೊಂದರಂತೆ ಮೂರು ಆನೆಗಳಿದ್ದುವು. ಬೆಂಗಳೂರಿನಿಂದ ನಾಲ್ಕನೆಯ ಆನೆಯನ್ನು ಬರೆಯಲು ಬಂದ ಎಂಜಿನಿಯರ್ ತರುಣನಿಗೆ ರಾಯರು ಕಸೂತಿಯ ಬಟ್ಟೆ ಹೊದ್ದ ಕಂಪ್ಯೂಟರನ್ನು ತೋರಿಸಿದರು. ತರುಣ ಉತ್ಸಾಹದಿಂದ ಎರಡು ತಿಂಗಳು ಕುಳಿತು ಒಂದು ಲೆಕ್ಕದ ವ್ಯವಸ್ಥೆಯನ್ನು ರಚಿಸಿದ. ಅದು ಅವನಿಗೆ ಮಾತ್ರ ಅರ್ಥವಾಗುತ್ತಿತ್ತು. ಅವನು ಬಾರದ ವಾರ ಅದು ಕೆಲಸ ಮಾಡುತ್ತಿರಲಿಲ್ಲ. “ಅಪ್ಪಾ, ನೀನು ಇನ್ನೊಬ್ಬ ಟೀಚರಮ್ಮನನ್ನು ಯಂತ್ರದೊಳಗೆ ಕೂರಿಸಿದ್ದೀಯೆ,” ಎಂದರು ರಾಯರು. ಬುದ್ಧಿವಂತನಾದ ಹುಡುಗ ಸಿಟ್ಟಾಗಲಿಲ್ಲ. ಎಲ್ಲವನ್ನೂ ಅಳಿಸಿ, ಎಂಟು ಅಂಕಣಗಳ ಒಂದು ಸರಳ ಪಟ್ಟಿಯನ್ನು ಮಾಡಿ, ಕಿರಿಯ ಉಪಾಧ್ಯಾಯಿನಿಗೆ ಅದನ್ನು ತುಂಬುವುದನ್ನು ಕಲಿಸಿದ. ಅವಳು ತಾನಾಗಿ ತಿಂಗಳ ಲೆಕ್ಕವನ್ನು ತೆಗೆದ ದಿನ ಅವನ ಕೆಲಸ ಮುಗಿಯಿತು. ಮೈಸೂರಿನಿಂದ ನಿವೃತ್ತ ಮಾಂಟೆಸೊರಿ ಅಧ್ಯಾಪಕಿಯೊಬ್ಬರು ಬೇಸಿಗೆಯ ರಜೆಯಲ್ಲಿ ಮೂರು ವಾರ ಬಂದು ನಿಂತರು. ಅವರು ಮಕ್ಕಳಿಗೆ ಒಂದು ದಿನವೂ ಪಾಠ ಮಾಡಲಿಲ್ಲ. ಹಿಂದೆ ಕುಳಿತು ಉಪಾಧ್ಯಾಯಿನಿಯರು ಪಾಠ ಮಾಡುವುದನ್ನು ನೋಡಿ, ಸಂಜೆ ಅವರೊಡನೆ ಮಾತಾಡಿದರು: ಹುಣಿಸೆಬೀಜ, ಮರಳು, ಜೇಡಿಮಣ್ಣು, ಮರದ ತುಂಡುಗಳಿಂದ ಏನೇನು ಕಲಿಸಬಹುದು, ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಅಳುವ ಮಗುವಿನ ಹತ್ತಿರ ಏನನ್ನು ಹೇಳಬಾರದು.

ದಾನಿಗಳಿಗೆ ಕಲಿಸುವುದು ಇದಕ್ಕಿಂತ ಕಷ್ಟವಾಯಿತು. ರೇಷ್ಮೆ ವ್ಯಾಪಾರದ ಸಾಹುಕಾರರೊಬ್ಬರು ಜಾರುಬಂಡೆಯನ್ನು ಕೊಡಿಸಲು ಮುಂದೆ ಬಂದರು. ರಾಯರು ಜಾರುಬಂಡೆಯ ಬದಲು ಆಯಾಳ ಮೂರು ವರ್ಷದ ಸಂಬಳವನ್ನು ಬೇಡಿದರು.

“ಸಂಬಳ ಕೊಡಲು ಅಡ್ಡಿಯಿಲ್ಲ, ರಾಯರೇ. ನಮ್ಮ ತಂದೆಯವರ ಹೆಸರನ್ನು ಎಲ್ಲಿ ಬರೆಸುತ್ತೀರಿ?”

“ಆಯಾಳ ಬೆನ್ನಿನ ಮೇಲೆ ಬರೆಸಲಾಗುವುದಿಲ್ಲ, ಸಾಹುಕಾರರೇ.”

ಸಾಹುಕಾರರು ನಕ್ಕರು; ನಕ್ಕು ಒಂದು ವರ್ಷಕ್ಕೆ ಮಾತ್ರ ಒಪ್ಪಿದರು. ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರ ಮುದ್ರೆಯಿದ್ದ ಎರಡು ಹಾಳೆಗಳು ಅವರ ಮನೆಗೆ ಬಂದುವು. ಪೈಸೆಯವರೆಗೆ ಲೆಕ್ಕವಿತ್ತು. ತಾವು ಕೊಟ್ಟ ದಾನಕ್ಕೆ ಇದುವರೆಗೆ ಹಾರ ಬಂದುದುಂಟು, ಶಾಲು ಬಂದುದುಂಟು, ಮತ್ತೊಂದು ಬೇಡಿಕೆ ಬಂದುದುಂಟು. ಲೆಕ್ಕ ಬಂದುದು ಅದೇ ಮೊದಲೆಂದು ಸಾಹುಕಾರರು ಗುಮಾಸ್ತನಿಗೆ ಹೇಳಿದರಂತೆ. ಉಳಿದೆರಡು ವರ್ಷಗಳ ಹಣವನ್ನು ಒಟ್ಟಿಗೆ ಕಳುಹಿಸಿಕೊಟ್ಟರು. ಅಕ್ಕಿಗಿರಣಿಯವರು ಇದನ್ನು ಕೇಳಿ ಒಂದು ಆಪದ್ಧನದ ನಿಧಿಗೆ ಬೀಜ ಹಾಕಿದರು. ಆರು ತಿಂಗಳ ಸಂಬಳದಷ್ಟು ಹಣ ಬ್ಯಾಂಕಿನಲ್ಲಿ ಸದಾ ಇರಬೇಕು, ಉತ್ಸವಕ್ಕಾಗಲಿ ಸುಣ್ಣಬಣ್ಣಕ್ಕಾಗಲಿ ಅದನ್ನು ಮುಟ್ಟಬಾರದೆಂದು ನಡವಳಿ ಪುಸ್ತಕದಲ್ಲಿ ಬರೆದರು.

ಆಡಳಿತದ ಖರ್ಚೆಂದರೆ ಪೋಲು ಖರ್ಚೆಂಬ ಭಾವನೆ ಸಾಹುಕಾರರೊಬ್ಬರದೇ ಅಲ್ಲ. ಅದು ಕಾಯಿದೆಗಳ ಒಳಗೂ ಹೊಕ್ಕಿದೆ. ಕಂಪೆನಿಗಳ ಸಮಾಜಕಾರ್ಯಕ್ಕೆ 2014ರಲ್ಲಿ ಮಾಡಿದ ನಿಯಮಗಳು, ತಮ್ಮ ಸಿಬ್ಬಂದಿಯ ಮತ್ತು ಕೆಲಸ ನಡೆಸುವ ಸಂಸ್ಥೆಗಳ ಸಾಮರ್ಥ್ಯವನ್ನು ಬೆಳೆಸುವ ವೆಚ್ಚವನ್ನೂ ಆಡಳಿತದ ವೆಚ್ಚವನ್ನೂ ಒಟ್ಟು ಸೇರಿಸಿ ಶೇಕಡಾ 5ಕ್ಕೆ ಮೀರಬಾರದೆಂದುವು. ವಿದೇಶೀ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕೆ ಇಳಿಸಿತು. ಕಳ್ಳ ಸಂಸ್ಥೆಗಳನ್ನು ಹಿಡಿಯುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮಕ್ಕಳ ಸಂಸ್ಥೆಯಲ್ಲಿ ಯಾವುದು ಆಡಳಿತ, ಯಾವುದು ಸೇವೆ? ಉಪಾಧ್ಯಾಯಿನಿಗೆ ತರಬೇತಿ ಕೊಡಿಸುವುದು ಆಡಳಿತವಾದರೆ, ಅವಳು ಕಲಿತು ಬಂದು ಹೇಳಿದ ಕಥೆ ಯಾವ ಲೆಕ್ಕಕ್ಕೆ ಸೇರಬೇಕು? ದೀಪಕ್ಕೆ ಹಣ ಕೊಟ್ಟು ಎಣ್ಣೆಗೆ ಕೊಡುವುದಿಲ್ಲವೆನ್ನುವ ಭಕ್ತನನ್ನು ಯಾವ ದೇವರೂ ಮೆಚ್ಚಲಾರ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಖಾತೆಪುಸ್ತಕವೂ ಒಮ್ಮೊಮ್ಮೆ ತೊಟ್ಟಿಲನ್ನು ನುಂಗಲು ನೋಡುತ್ತದೆ. ಒಂದು ದಿನ ನಗದು ಪುಸ್ತಕದಲ್ಲಿ ಹನ್ನೆರಡು ರೂಪಾಯಿ ಕೂಡಿಬರಲಿಲ್ಲ. ರಾಯರು ಕಿರಿಯ ಉಪಾಧ್ಯಾಯಿನಿಯನ್ನು ಎಲ್ಲರೆದುರಿಗೆ ಗದರಿದರು. ಜ್ವರ ಬಂದ ಮಗುವೊಂದಕ್ಕೆ ಅವಳು ಓಡಿಹೋಗಿ ಮಾತ್ರೆ ತಂದಿದ್ದಳು; ಚೀಟಿ ತೆಗೆದುಕೊಳ್ಳುವುದನ್ನು ಮರೆತಿದ್ದಳು. ಹುಡುಗಿ ಅಡಿಗೆಯ ಮನೆಗೆ ಹೋಗಿ ಅತ್ತಳು. ಆ ಹೊತ್ತಿಗೆ ಊರುಗೋಲು ಹಿಡಿದು ನಡೆಯತೊಡಗಿದ್ದ ಟೀಚರಮ್ಮ ರಾಯರ ಮುಂದೆ ಬಂದು ನಿಂತರು. “ರಾಯರೇ, ಅಳುವ ಮಗುವನ್ನು ವೋಚರು ಬರೆದು ಎತ್ತಿಕೊಳ್ಳುವುದಕ್ಕಾಗುವುದಿಲ್ಲ,” ಎಂದಷ್ಟೇ ಹೇಳಿದರು.

ರಾಯರು ಕನ್ನಡಕವನ್ನು ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಮರುದಿನ ಬೆಳಗ್ಗೆ ಐನೂರು ರೂಪಾಯಿಗಳ ಚಿಲ್ಲರೆ ಖರ್ಚಿನ ಡಬ್ಬಿಯೊಂದು ಮೇಜಿನ ಮೇಲಿತ್ತು. ಅದರಿಂದ ತೆಗೆದುದಕ್ಕೆ ಒಂದು ಸಾಲು ಬರೆದರೆ ಸಾಕು, ಚೀಟಿ ಬೇಡ. ಡಬ್ಬಿ ಯಾವುದೆಂದು ನೋಡಿದರೆ, ಅದೇ ಹಳೆಯ ಬಿಸ್ಕತ್ತಿನ ಡಬ್ಬಿ.

ಟೀಚರಮ್ಮನಿಗೂ ಈ ದಿನಗಳು ಸುಖದವಾಗಿರಲಿಲ್ಲ. ಬೀಗದ ಕೈ ಎರಡಾದ ಮೇಲೆ ಸೆರಗಿನ ಗಂಟು ಹಗುರವಾಯಿತು, ಹಗುರವಾದುದು ಭಾರವೆನಿಸಿತು. ಹಾಲಿನವನು ಅವರನ್ನು ಕೇಳದೆಯೇ ಹಾಲು ಅಳೆದು ಹೋಗುತ್ತಿದ್ದ. ಮಕ್ಕಳು ‘ಅಕ್ಕಾ’ ಎಂದು ಕೂಗಿದರೆ ಈಗ ಮೂವರು ತಿರುಗಿ ನೋಡುತ್ತಿದ್ದರು. ತಾನು ಕಟ್ಟಿದ ಮನೆಯಲ್ಲಿ ತಾನೇ ಅತಿಥಿಯಾದಂತೆ ಅನಿಸಿದ ದಿನಗಳಲ್ಲಿ ಅವರು ಮೂಲೆಯಲ್ಲಿ ಕುಳಿತು ಆ ಒಂದು ಮಗುವನ್ನು ನೋಡುತ್ತಿದ್ದರು. ನೆಟ್ಟಗಾಗದ ಎರಡು ಬೆರಳುಗಳ ನಡುವೆ ಸೀಮೆಸುಣ್ಣವನ್ನು ಸಿಕ್ಕಿಸಿಕೊಂಡು ಅದು ನೆಲದ ಮೇಲೆ ಮನೆ ಬರೆಯುತ್ತಿತ್ತು. ನೋಡಿದ ಬಳಿಕ ಬೀಗದ ಕೈಯನ್ನು ಮತ್ತೆ ಕೇಳಬೇಕೆಂಬ ಆಸೆ ಅವರಿಗೆ ಉಳಿಯುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಮಹಾಮಾರಿ ಬಂದು ನಾಡಿನ ಬಾಗಿಲುಗಳೆಲ್ಲ ಮುಚ್ಚಿದುವು. ಶಿಶುವಿಹಾರವೂ ಮುಚ್ಚಿತು. ಆದರೆ ಈ ಸಲ ಮುಚ್ಚಿದುದಕ್ಕೂ ಹಿಂದಿನದಕ್ಕೂ ವ್ಯತ್ಯಾಸವಿತ್ತು. ಆಪದ್ಧನದ ನಿಧಿಯಿಂದ ನಾಲ್ವರಿಗೂ ಆರು ತಿಂಗಳು ಸಂಬಳ ಸಂದಿತು. ಆಮೇಲಿನ ತಿಂಗಳುಗಳಿಗೆ ಮುದ್ರೆಯಿದ್ದ ಲೆಕ್ಕವನ್ನು ನೋಡಿದ್ದ ದಾನಿಗಳು ಮತ್ತೊಮ್ಮೆ ಕೈನೀಡಿದರು. ಮಕ್ಕಳ ಪುಸ್ತಕದಲ್ಲಿ ಅರವತ್ತು ಮನೆಗಳ ವಿಳಾಸವಿತ್ತು, ಯಾವ ಮಗುವಿನ ತೂಕ ಎಷ್ಟೆಂಬುದಿತ್ತು. ತೂಕ ಕಡಿಮೆಯಿದ್ದವರ ಮನೆಗೆ ಮೊದಲು ಎಂಬ ಕ್ರಮದಲ್ಲಿ ಉಪಾಧ್ಯಾಯಿನಿಯರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಕ್ಕಿ, ಬೇಳೆ, ಬೆಲ್ಲಗಳನ್ನು ಅಂಗಳದಲ್ಲಿ ಇಟ್ಟು ಬಂದರು. ಅಂಗಳಕ್ಕೆ ಹೋದಮೇಲೆ ಒಂದು ಕಥೆಯನ್ನು ಹೇಳದೆ ಬರುವುದು ಹೇಗೆ? ದೂರದಲ್ಲಿ ನಿಂತು ಕಥೆಯನ್ನೂ ಹೇಳಿದರು. ಗೋಡೆಯ ಮೇಲಿನ ಮೀಸೆಯ ತಾಯಿಗೆ ಇದು ತಿಳಿದಿದ್ದರೆ ಸಂತೋಷವಾಗುತ್ತಿತ್ತು. ಆ ಅವಧಿಯಲ್ಲಿ ಬಾಗಿಲು ಹಾಕಿದ ಪುಟ್ಟ ಶಾಲೆಗಳು ಆ ಸೀಮೆಯಲ್ಲಿ ಒಂದೆರಡಲ್ಲ. ಅನೇಕವು ಮತ್ತೆ ತೆರೆಯಲೇ ಇಲ್ಲ. ಇದು ತೆರೆಯಿತು.

ಮತ್ತೆ ಎರಡು ವರ್ಷ ಕಳೆದುವು. ರಾಯರ ಎರಡು ಕಣ್ಣುಗಳಿಗೂ ಪೊರೆ ಬಂದು ಶಸ್ತ್ರಚಿಕಿತ್ಸೆಯಾಗಿ, ಅವರು ನಾಲ್ಕು ತಿಂಗಳು ಶಿವಮೊಗ್ಗೆಯ ಮಗಳ ಮನೆಯಲ್ಲಿದ್ದರು. ಹಿಂದಿರುಗಿದ ಮರುದಿನವೇ, ಲೆಕ್ಕವೆಲ್ಲ ಏನಾಗಿದೆಯೋ ಎಂಬ ಕಳವಳದಿಂದ, ಹೊಸ ಕನ್ನಡಕವನ್ನು ಏರಿಸಿಕೊಂಡು ಶಿಶುವಿಹಾರಕ್ಕೆ ಧಾವಿಸಿದರು. ಹಿಂದೊಮ್ಮೆ ಅವರಿಂದ ಗದರಿಸಿಕೊಂಡಿದ್ದ ಹುಡುಗಿ ಬಾಗಿಲಲ್ಲಿಯೇ ಅವರನ್ನು ತಡೆದು, ತುಟಿಯ ಮೇಲೆ ಬೆರಳಿಟ್ಟು, ಪಿಸುಮಾತಿನಲ್ಲಿ ಹೇಳಿದಳು: “ಕಥೆಯ ಹೊತ್ತು, ಸಾರ್. ಅರ್ಧ ಗಂಟೆ ಹೊರಗೆ ಕೂತಿರಿ.”

ಖಜಾನೆಯ ರಾಯರನ್ನು ಹೊರಗೆ ಕೂರಿಸಿದವರು ಆ ತಾಲ್ಲೂಕಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಜಗಲಿಯ ಮೇಲೆ, ಒಂದು ಸಂಘದವರು ಕೊಟ್ಟ ದೊಡ್ಡವರ ಕುರ್ಚಿಗಳಲ್ಲೊಂದರಲ್ಲಿ, ಅವರು ಕುಳಿತರು. ಪಕ್ಕದ ಕುರ್ಚಿಯಲ್ಲಿ ಊರುಗೋಲನ್ನು ಆನಿಸಿಕೊಂಡು ಟೀಚರಮ್ಮ ಆಗಲೇ ಕುಳಿತಿದ್ದರು.

“ನಿಮ್ಮನ್ನೂ ಒಳಗೆ ಬಿಡಲಿಲ್ಲವೇ?” ಎಂದರು ರಾಯರು.

“ಇಲ್ಲ, ರಾಯರೇ,” ಎಂದರು ಟೀಚರಮ್ಮ. “ಕೂತುಕೊಳ್ಳಿ. ಕಥೆ ಚೆನ್ನಾಗಿ ಹೇಳುತ್ತಿದ್ದಾಳೆ.”

ಕಿಟಕಿಯ ಬಳಿಯ ಮೇಜಿನ ಮೇಲೆ ನಗದು ಪುಸ್ತಕ ತೆರೆದಿತ್ತು. ಹೊಸ ಕನ್ನಡಕದಲ್ಲಿ ಅಕ್ಷರಗಳು ಸ್ಪಷ್ಟವಾಗಿ ಕಂಡುವು. ಹಿಂದಿನ ದಿನದ ಲೆಕ್ಕ ಮುಗಿದು, ಕೆಳಗೆ ಎರಡು ಗೆರೆ ಎಳೆದು, ಇಬ್ಬರ ರುಜು ಬಿದ್ದಿತ್ತು. ಆ ಎರಡರಲ್ಲಿ ಒಂದೂ ರಾಯರದಾಗಿರಲಿಲ್ಲ, ಒಂದೂ ಟೀಚರಮ್ಮನದಾಗಿರಲಿಲ್ಲ.